ಪೆನಾಲ್ಟಿಗೆ ಬೆನ್ನು ತಿರುಗಿಸುವ ಊರು

ನೂರು ವರ್ಷದಲ್ಲಿ ಆ ಊರಿನ ಫುಟ್‌ಬಾಲ್ ಕ್ಲಬ್ಬು ಒಂದೇ ಒಂದು ಕಪ್ ಕೂಡ ಗೆದ್ದಿರಲಿಲ್ಲ. ಊರಿನವರು ಇದನ್ನು ಮುಚ್ಚಿಡುವವರಲ್ಲ. ಕಪ್ ಯಾರು ಬೇಕಾದರೂ ಗೆಲ್ಲಬಹುದು, ನಮ್ಮ ಕ್ಲಬ್ಬಿನ ರೀತಿಯೇ ಬೇರೆ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಸೋತಾಗ ಹೇಳಲು ಮೈದಾನ ಉತ್ತರಕ್ಕೆ ವಾಲಿದೆ ಎಂಬ ಕಾರಣ ಸಿದ್ಧವಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಬಹುಶಃ ಆ ಮೈದಾನದಲ್ಲೇ ಹುಟ್ಟಿರಬೇಕು. ಅರ್ಧ ಆಟವಾದ ಮೇಲೆ ಎರಡೂ ತಂಡಗಳು ದಿಕ್ಕು ಬದಲಾಯಿಸುತ್ತವಲ್ಲ ಎಂದು ಯಾರಾದರೂ ಕೇಳಿದರೆ, ಅಂಥವನು ಪರಊರಿನವನೆಂದು ತೀರ್ಮಾನಿಸಿ ಸುಮ್ಮನಾಗುತ್ತಿದ್ದರು.

ಕ್ಲಬ್ಬು ಹುಟ್ಟಿದ್ದು ಕುರ್ಚಿ ಕಾರ್ಖಾನೆಯಲ್ಲಿ. ಶನಿವಾರ ಮಧ್ಯಾಹ್ನ ರಜೆ ಕೊಡಲೇಬೇಕಾಗಿ ಬಂದಾಗ, ರಜೆ ಸಿಕ್ಕಿದ ಕೆಲಸಗಾರರು ಹೆಂಡದಂಗಡಿಯಲ್ಲಿ ಕೂತಾರೆಂದು ಹೆದರಿದ ಮಾಲೀಕ ಒಂದು ಚೆಂಡು ತಂದು ಅಂಗಳಕ್ಕೆ ಎಸೆದ. ಅವರು ಚೆಂಡು ಒದ್ದರು, ಆಮೇಲೆ ಹೆಂಡದಂಗಡಿಗೂ ಹೋದರು. ಲಾಂಛನದಲ್ಲಿ ಕುರ್ಚಿಯೇ ಇತ್ತು. ಹೊಳೆಯಾಚೆಯ ಊರಿನ ತಂಡದವರು ಇವರನ್ನು ಕಂಡಾಗಲೆಲ್ಲ "ಕುರ್ಚಿಗಳು ಬಂದ್ವು, ಕೂತ್ಕೊಳ್ರಪ್ಪ" ಎಂದು ನಗುತ್ತಿದ್ದರು. ಶತಮಾನೋತ್ಸವ ಹತ್ತಿರವಾದಂತೆ ಸಮಿತಿಯವರು ಆ ಕುರ್ಚಿಗೆ ಎರಡು ಸಿಂಹದ ತಲೆ ಅಂಟಿಸಿ ಸಿಂಹಾಸನ ಮಾಡಿದರು. ಗೋಲಿನ ಬಲೆಗೆ ಹಗ್ಗದ ತೇಪೆ ಹಾಕಿ ನಾಲ್ಕು ವರ್ಷವಾಗಿತ್ತು, ಅದು ಹಾಗೇ ಉಳಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ.

ಆದರೆ ಆ ಕ್ಲಬ್ಬಿಗೆ ನಿಜವಾಗಿ ಹೆಸರು ತಂದದ್ದು ಕುರ್ಚಿಯಲ್ಲ, ಬೆನ್ನು. ತಮ್ಮ ತಂಡಕ್ಕೆ ಪೆನಾಲ್ಟಿ ಸಿಕ್ಕಿತೆಂದರೆ ಗ್ಯಾಲರಿಯಲ್ಲಿದ್ದ ಅಷ್ಟೂ ಜನ ಎದ್ದುನಿಂತು ಮೈದಾನಕ್ಕೆ ಬೆನ್ನು ತಿರುಗಿಸುತ್ತಿದ್ದರು. ಒಬ್ಬರೂ ನೋಡುವ ಹಾಗಿಲ್ಲ. ಗೋಲಾಯಿತೋ ಇಲ್ಲವೋ ಎನ್ನುವುದನ್ನು ಎದುರಿನ ಗ್ಯಾಲರಿಯ ಪರಊರಿನವರ ಗಂಟಲಿನಿಂದ ತಿಳಿಯಬೇಕು. ಅವರು ನರಳಿದರೆ ಗೋಲು, ಕೇಕೆ ಹಾಕಿದರೆ ಇಲ್ಲ. ಪತ್ರಿಕೆಯವರು ಒಮ್ಮೆ ಈ ಬೆನ್ನುಗಳ ಫೋಟೋ ಹಾಕಿದ್ದರು. ಅದನ್ನು ಊರಿನ ಪ್ರತಿ ಅಂಗಡಿಯಲ್ಲೂ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಇದು ನಾನು, ಇದು ನಮ್ಮ ಮಾವ ಎಂದು ಬೆರಳಿಟ್ಟು ತೋರಿಸುತ್ತಿದ್ದರು.

ಆ ಫೋಟೋ ಇಲ್ಲದ್ದು ಟೈಲರ್‌ನ ಅಂಗಡಿಯಲ್ಲಿ ಮಾತ್ರ. ಬೆನ್ನು ತಿರುಗಿಸುವ ಪದ್ಧತಿ ಶುರುವಾದದ್ದು ಅವನ ಪೆನಾಲ್ಟಿಯಿಂದಲೇ ಆದ್ದರಿಂದ, ಅವನ ಅಂಗಡಿಯಲ್ಲಿ ಅದಿಲ್ಲದ್ದನ್ನು ಜನ ವಿನಯ ಎಂದುಕೊಂಡಿದ್ದರು.

ನಡೆದದ್ದು ನಲವತ್ತೊಂಬತ್ತು ವರ್ಷದ ಹಿಂದೆ. ಆಗ ಅವನಿಗೆ ಇಪ್ಪತ್ತೆರಡು. ಹಗಲೆಲ್ಲ ಅಂಗಿಗಳಿಗೆ ಗುಂಡಿಮನೆ ಹೊಲಿಯುತ್ತ, ಸಂಜೆ ಆಡುತ್ತಿದ್ದ. ಕ್ಲಬ್ಬು ತನ್ನ ಜನ್ಮದಲ್ಲಿ ಒಂದೇ ಸಲ ಫೈನಲ್ ತಲುಪಿತು, ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಇವನು ಅದನ್ನು ಆಕಾಶಕ್ಕೆ ಒದ್ದ. ಹದಿನೈದು ದಿನ ಊರಿನಲ್ಲಿ ಯಾರೂ ಅವನ ಹತ್ತಿರ ಬಟ್ಟೆ ಹೊಲಿಸಲಿಲ್ಲ. ಹದಿನಾರನೆಯ ದಿನ ಇನ್ನೊಂದು ಪಂದ್ಯ, ಇನ್ನೊಂದು ಪೆನಾಲ್ಟಿ. ಬೇರೆ ಯಾರೂ ಮುಂದೆ ಬರದೆ ಇವನೇ ಚೆಂಡು ಇಟ್ಟ. ತಲೆಯೆತ್ತಿ ನೋಡಿದರೆ ಅವನ ಊರಿಗೆ ಊರೇ ಬೆನ್ನು ತಿರುಗಿಸಿ ನಿಂತಿತ್ತು. ಅವನು ಒದ್ದ, ಗೋಲಾಯಿತು. ಅವನ ಊರಿನ ಒಂದು ಕಣ್ಣೂ ಅದನ್ನು ಕಾಣಲಿಲ್ಲ.

ಮುಂದಿನ ವಾರದಿಂದ ಜನ ತಾವು ಮಾಡಿದ್ದಕ್ಕೆ ಅರ್ಥ ಹುಡುಕತೊಡಗಿದರು. ನಮ್ಮ ಹುಡುಗನ ಮೇಲೆ ನಮಗೆ ಎಷ್ಟು ನಂಬಿಕೆ ಎಂದರೆ ನೋಡಬೇಕೆಂದೇ ಅನ್ನಿಸಲಿಲ್ಲ ಎಂದು ಯಾರೋ ಹೇಳಿದರು. ಆ ಮಾತು ಎಲ್ಲರಿಗೂ ಸರಿಯಾಗಿ ಹೊಂದಿಕೊಂಡಿತು. ಟೈಲರ್‌ಗೆ ಮಾತ್ರ ಅಂದೇ ಗೊತ್ತಿತ್ತು, ಅದು ನಂಬಿಕೆಯಲ್ಲ, ತಿರಸ್ಕಾರ ಎಂದು. ಆದರೆ ನೀವು ಮಾಡಿದ್ದು ಅವಮಾನ ಕಣ್ರೋ ಎಂದು ತಾನಾಗಿಯೇ ಡಂಗುರ ಸಾರುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ಅವನು ತುಟಿ ಹೊಲಿದುಕೊಂಡ. ವರ್ಷಗಳು ಕಳೆದಂತೆ ಅವನು ಊರಿನವರ ಬೆನ್ನಳತೆ ತೆಗೆದುಕೊಂಡು, ಭುಜ ಗುರುತು ಮಾಡಿಕೊಂಡು, ಅವರಿಗೇ ಕೋಟು ಹೊಲಿದುಕೊಟ್ಟ. ಹಿಂದಿನಿಂದ ಆ ಊರನ್ನು ಅವನಷ್ಟು ಬಲ್ಲವರು ಇರಲಿಲ್ಲ.

ಶತಮಾನೋತ್ಸವಕ್ಕೆ ಕ್ಲಬ್ಬಿನ ಚರಿತ್ರೆ ಬರೆಯುವ ಹೊಣೆ ನಿವೃತ್ತ ಭೂಗೋಳದ ಮೇಷ್ಟ್ರಿಗೆ ಬಿತ್ತು. ಊರಿನಲ್ಲಿ ಚರಿತ್ರೆಯ ಮೇಷ್ಟ್ರೂ ಇದ್ದರು, ಆದರೆ ಅವರು ಪ್ರತಿ ಮಾತಿಗೂ ದಾಖಲೆ ಕೇಳುತ್ತಾರೆಂದು ಸಮಿತಿ ಅವರನ್ನು ದೂರವಿಟ್ಟಿತು. ಭೂಗೋಳದ ಮೇಷ್ಟ್ರು ಎರಡು ವರ್ಷ ಗುಡ್ಡ ಅಗೆದು ಮುನ್ನೂರು ಪುಟದ ಇಲಿ ಹಿಡಿದರು. ಅದರಲ್ಲಿ "ನಂಬಿಕೆಯ ಬೆನ್ನು" ಎಂಬ ಅಧ್ಯಾಯವೇ ನಲವತ್ತು ಪುಟ. ಜೊತೆಗೆ ಒಂದು ನಕ್ಷೆ. ಅಂದು ಗ್ಯಾಲರಿಯ ಯಾವ ಭಾಗದವರು ಎಡಕ್ಕೆ ತಿರುಗಿದರು, ಯಾವ ಭಾಗದವರು ಬಲಕ್ಕೆ ತಿರುಗಿದರು ಎಂದು ಅದರಲ್ಲಿ ಗಾಳಿಯ ದಿಕ್ಕು ತೋರಿಸುವ ಹಾಗೆ ಬಾಣ ಬಿಡಿಸಿದ್ದರು.

ಒಂದು ಬೆಳಿಗ್ಗೆ ಮೇಷ್ಟ್ರೂ ಕ್ಲಬ್ಬಿನ ಅಧ್ಯಕ್ಷರೂ ಟೈಲರ್‌ನ ಅಂಗಡಿಗೆ ಬಂದರು. ಅಧ್ಯಕ್ಷರು ಸಿಮೆಂಟ್ ವ್ಯಾಪಾರಿ, ಅವರ ಮೈಕಟ್ಟೂ ಮೂಟೆಯಂತೆಯೇ. ಅಂಗಡಿಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಮೂಲೆ ಒಡೆದ ನಿಲುಗನ್ನಡಿ ಬಿಟ್ಟರೆ ಒಬ್ಬರು ನಿಲ್ಲುವಷ್ಟೇ ಜಾಗ, ಹಾಗಾಗಿ ಮೇಷ್ಟ್ರು ಹೊಸ್ತಿಲ ಮೇಲೆ ನಿಂತೇ ಮಾತಾಡಬೇಕಾಯಿತು. ಉತ್ಸವದ ದಿನ ಟೈಲರ್‌ಗೆ ಸನ್ಮಾನ. ಹಾರ, ಶಾಲು ಎಲ್ಲ ಇದ್ದದ್ದೇ. ಅದಕ್ಕಿಂತ ದೊಡ್ಡ ಸಂಗತಿ ಎಂದರೆ ಅವನು ಅದೇ ಜಾಗದಲ್ಲಿ ಇನ್ನೊಮ್ಮೆ ಪೆನಾಲ್ಟಿ ಒದೆಯುವುದು. ಇಡೀ ಊರು ಅಂದಿನಂತೆ ಬೆನ್ನು ತಿರುಗಿಸಿ ನಿಲ್ಲುವುದು. ಈಗಿನ ಗೋಲ್‌ಕೀಪರ್ ಬಸ್ ಡ್ರೈವರ್, ನಿಮ್ಮ ಎಡಕ್ಕೆ ಬೀಳಲು ಅವನಿಗೆ ಹೇಳಿಟ್ಟಾಗಿದೆ, ನೀವು ಬಲಕ್ಕೆ ಒದ್ದರೆ ಸಾಕು ಎಂದು ಅಧ್ಯಕ್ಷರು ಸಮಾಧಾನವನ್ನೂ ಹೇಳಿದರು.

ಟೈಲರ್ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ.

"ಒದೀತೀನಿ," ಅಂದ. "ಆದ್ರೆ ಈ ಸಲ ಎಲ್ಲರೂ ನನ್ನ ಕಡೆ ನೋಡ್ಬೇಕು."

ಇಬ್ಬರೂ ನಕ್ಕರು. ಅವನು ನಗದಿದ್ದದ್ದನ್ನು ಕಂಡು ನಿಲ್ಲಿಸಿದರು. ಮೇಷ್ಟ್ರು ಪದ್ಧತಿಯ ಪಾವಿತ್ರ್ಯದ ಬಗ್ಗೆ ಶುರುಮಾಡಿದರು. ಟೈಲರ್ ಕೇಳಿಸಿಕೊಂಡು, ನೋಡುವುದಾದರೆ ಒದೆಯುತ್ತೇನೆ, ಇಲ್ಲವಾದರೆ ಅಧ್ಯಕ್ಷರೇ ಒದೆಯಲಿ ಎಂದ. ಆಗ ಮೇಷ್ಟ್ರು ಗುಟ್ಟು ಬಿಚ್ಚಿದರು. ಪುಸ್ತಕ ಆಗಲೇ ಅಚ್ಚಾಗಿತ್ತು. ಕೊನೆಯ ಅಧ್ಯಾಯದಲ್ಲಿ ಉತ್ಸವದ ವರ್ಣನೆಯೂ ಸೇರಿತ್ತು: ಎಪ್ಪತ್ತೊಂದರ ಹರೆಯದಲ್ಲೂ ಅವನ ಚೆಂಡು ಬಲೆ ಸೇರಿದ್ದು, ಬೆನ್ನು ತಿರುಗಿಸಿದ್ದ ಸಾವಿರಾರು ಕಣ್ಣುಗಳು ತೇವವಾದದ್ದು, ಎಲ್ಲ.

"ನಾನಿನ್ನೂ ಒದ್ದೇ ಇಲ್ವಲ್ಲ ಮೇಷ್ಟ್ರೇ."

ಚರಿತ್ರೆ ಹೊತ್ತಿಗೆ ಸರಿಯಾಗಿ ಸಿದ್ಧವಾಗದಿದ್ದರೆ ಸಮಾರಂಭಕ್ಕೆ ಬಂದವರು ಕೈಯಲ್ಲಿ ಹಿಡಿದುಕೊಂಡು ಹೋಗುವುದೇನನ್ನು ಎಂದು ಮೇಷ್ಟ್ರು ಕೇಳಿದರು. ಅಧ್ಯಕ್ಷರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ಜನಕ್ಕೆ ನಾನು ಹೇಳುತ್ತೇನೆ, ನೀವು ಅಭ್ಯಾಸ ಮಾಡಿಕೊಳ್ಳಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೊರಟರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ ಟೈಲರ್ ನಲವತ್ತೊಂಬತ್ತು ವರ್ಷದ ಹೊಲಿಗೆಯನ್ನು ಒಮ್ಮೆಲೇ ಬಿಚ್ಚಿದ. ಅವನ ಹೆಂಡತಿ ಕಿಟಕಿಯ ಬೆಳಕಿಗೆ ಕೂತು ಒಂದು ಕೋಟಿಗೆ ಗುಂಡಿಮನೆ ಕಟ್ಟುತ್ತಿದ್ದಳು. ಅಂಗಡಿಯ ಕೈಹೊಲಿಗೆಯೆಲ್ಲ ಅವಳದೇ. ಅಂದು ಊರು ಮಾಡಿದ್ದು ಅವಮಾನ, ಅದನ್ನೇ ನಂಬಿಕೆ ಎಂದು ಅಚ್ಚು ಹಾಕಿಸಿದ್ದಾರೆ, ಒಂದು ಸಲ, ಒಂದೇ ಒಂದು ಸಲ ಈ ಜನ ನನ್ನ ಮುಖ ನೋಡಿದರೆ ಅವರ ಗಂಟೇನು ಹೋಗುತ್ತದೆ ಎಂದು ಅವನು ಕೂಗಾಡಿದ. ತಟ್ಟೆಯ ಮುಂದೆ ಕೂತೂ ಕೈಯಿಡಲಿಲ್ಲ. ಅವನ ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೂ ಅವನಿಗೆ ಸಿಟ್ಟು ಬಂತು.

ಹೆಂಡತಿ ಹಿಡಿದ ಗುಂಡಿಮನೆಯನ್ನು ಪೂರ್ತಿ ಮುಗಿಸಿ, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.

"ಮೊದಲು ತಿರುಗಿದ್ದು ನಾನು," ಅಂದಳು.

ಅವಳು ಟಿಕೆಟ್ ಹರಿಯುವವನ ಮಗಳು. ಆ ಕಾಲಕ್ಕೆ ಇಬ್ಬರ ಮದುವೆಯ ಮಾತು ಮುಗಿದಿತ್ತು, ದಿನ ಗೊತ್ತುಮಾಡುವುದಷ್ಟೇ ಬಾಕಿ. ಅಪ್ಪನ ಕೆಲಸದ ದೆಸೆಯಿಂದ ಅವಳಿಗೆ ಮೊದಲ ಸಾಲಿನಲ್ಲಿ ಜಾಗ. ಫೈನಲ್ಲಿನಲ್ಲಿ ಚೆಂಡು ಆಕಾಶಕ್ಕೆ ಹೋದದ್ದನ್ನೂ, ಆಮೇಲೆ ಅವನ ಮುಖ ಹೇಗಾಯಿತೆನ್ನುವುದನ್ನೂ ಅವಳು ಕಣ್ಣು ಮಿಟುಕಿಸದೆ ನೋಡಿದ್ದಳು. ಎರಡನೆಯ ಸಲ ಅವನು ಚೆಂಡು ಇಟ್ಟಾಗ ಅವಳಿಗೆ ತಡೆಯಲಾಗಲಿಲ್ಲ, ಎದ್ದು ಹಿಂದಕ್ಕೆ ತಿರುಗಿಬಿಟ್ಟಳು. ಪಕ್ಕದಲ್ಲಿದ್ದ ಸೋದರತ್ತೆ, ಇವಳು ಹಿಂದೆ ಏನು ನೋಡುತ್ತಿದ್ದಾಳೆಂದು ತಾನೂ ತಿರುಗಿದಳು. ಅತ್ತೆಯ ಪಕ್ಕದವರು ಅತ್ತೆ ಏನು ನೋಡುತ್ತಿದ್ದಾಳೆಂದು ತಿರುಗಿದರು. ಮೇಲಿನ ಸಾಲಿನವರು ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಚೆಂಡು ಇಟ್ಟು ಓಡಿಬಂದು ಒದೆಯುವಷ್ಟರೊಳಗೆ ಇಡೀ ಗ್ಯಾಲರಿ ಹಿಂದಿನ ಗೋಡೆಯನ್ನು ನೋಡುತ್ತ ನಿಂತಿತ್ತು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ನೋಡಿದೆವೆಂದು ಒಪ್ಪಿಕೊಳ್ಳುವುದು ನಾಚಿಕೆಗೇಡು, ಅದಕ್ಕೇ ಮುಂದಿನ ವಾರ ನಂಬಿಕೆಯ ಮಾತು ಹುಟ್ಟಿತು.

ನಂಬಿಕೆಯೂ ಅಲ್ಲ, ತಿರಸ್ಕಾರವೂ ಅಲ್ಲ, ಕುರಿಮಂದೆ! ಅರ್ಧ ಶತಮಾನ ತಾನು ಎದೆಯಲ್ಲಿಟ್ಟು ಸಾಕಿದ ಅವಮಾನಕ್ಕೆ ವಾರಸುದಾರರೇ ಇಲ್ಲವೆಂದು ತಿಳಿದಾಗ ಟೈಲರ್‌ಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಊರಿನ ಮೇಲಿದ್ದ ಸಿಟ್ಟೆಲ್ಲ ಹೆಂಡತಿಯ ಕಡೆ ತಿರುಗಿತು. ಇಷ್ಟು ವರ್ಷ ಬಾಯಿ ಬಿಡದೆ ಒಂದೇ ತಟ್ಟೆ, ಒಂದೇ ಚಾಪೆ ಹಂಚಿಕೊಂಡೆಯಲ್ಲ ಎಂದು ಎರಡು ದಿನ ಮಾತು ಬಿಟ್ಟ. ಹೊಲಿಗೆಯ ವಿಷಯವನ್ನು ಕೂಡ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಳಿಸಿದ. ಅವಳು ಉತ್ತರವನ್ನು ಅದರ ಕೆಳಗೇ ಬರೆದಳು. ಹಾಗೆ ಒಂದು ಮದುವೆ ಕೋಟಿನ ಒಳಮೈ ತುಂಬ ಸಂಸಾರದ ವ್ಯವಹಾರ ನಡೆಯಿತು.

ಮೂರನೆಯ ದಿನ ಅವನೇ ಸೋತ. ಆಮೇಲಿನ ಪೆನಾಲ್ಟಿಗಳನ್ನೂ ನೋಡಲಿಲ್ಲವೇ ಎಂದು ಕೇಳಿದ. ಒಂದನ್ನೂ ನೋಡಿಲ್ಲ ಎಂದಳು. ನೋಡಿದಾಗ ತಪ್ಪಿತು, ನೋಡದಿದ್ದಾಗ ಗೋಲಾಯಿತು, ಲೆಕ್ಕ ಅಷ್ಟೇ ಅಲ್ಲವೇ ಎಂದಳು. ಅವನು ಆಡುವುದನ್ನು ಬಿಡುವವರೆಗೂ, ಬಿಟ್ಟ ಮೇಲೂ, ಆ ಕ್ಲಬ್ಬಿಗೆ ಪೆನಾಲ್ಟಿ ಸಿಕ್ಕಾಗಲೆಲ್ಲ ಅವಳ ಕೈಕಾಲು ತಣ್ಣಗಾಗುತ್ತಿತ್ತಂತೆ. ಊರಿನ ಉಳಿದವರಿಗೆ ಅದು ಪದ್ಧತಿ, ಅವಳಿಗೆ ಮಾತ್ರ ಹೆದರಿಕೆ.

"ಊರು ಹಾಳಾಗ್ಲಿ," ಅಂದ ಟೈಲರ್. "ಈ ಸಲ ನೀನು ನೋಡು."

"ತಪ್ಪಿದ್ರೆ?"

"ತಪ್ಪಿದ್ರೆ ತಪ್ಲಿ."

ನನ್ನ ಕೈಲಾಗುವುದಿಲ್ಲ, ಮಂಡಿನೋವು ಬೇರೆ, ನಾನು ಬರುವುದೇ ಇಲ್ಲ ಎಂದು ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ಅವನು ಒತ್ತಾಯ ಮಾಡಲಿಲ್ಲ. ಆದರೆ ಅಂದಿನಿಂದ ಪ್ರತಿದಿನ ಬೆಳಿಗ್ಗೆ ಅಂಗಡಿಯ ಹಿಂದಿನ ಓಣಿಯಲ್ಲಿ ಗೋಡೆಗೆ ಚೆಂಡು ಒದೆಯಲು ಹೋದ. ಬಲಗಾಲು ಇನ್ನೂ ಮಾತು ಕೇಳುತ್ತಿತ್ತು, ಎಡಗಾಲು ನಿಲ್ಲುತ್ತಿರಲಿಲ್ಲ.

ಉತ್ಸವದ ದಿನ ಗ್ಯಾಲರಿ ಕಿಕ್ಕಿರಿದಿತ್ತು. ಎಲ್ಲರೂ ಸಿಂಹಾಸನದ ಚಿತ್ರವಿದ್ದ ಹೊಸ ಜರ್ಸಿ ತೊಟ್ಟಿದ್ದರು. ಯಾವುದೋ ದೂರದ ಕಾರ್ಖಾನೆಯಲ್ಲಿ ಸಗಟಾಗಿ ಹೊಲಿಸಿದ್ದು. ಟೈಲರ್ ತನ್ನದನ್ನು ತೊಟ್ಟು, ಎಡತೋಳನ್ನು ಅರ್ಧ ಇಂಚು ಹಿಂದಕ್ಕೆ ಕೂಡಿಸಿದ್ದಾರೆಂದು ಕಂಡುಕೊಂಡು, ಅದನ್ನು ಹೊಲಿದವನಿಗೆ ಮನಸ್ಸಿನಲ್ಲೇ ಶಾಪ ಹಾಕಿದ. ಎದುರಿನ ಗ್ಯಾಲರಿ ಖಾಲಿ. ಹೊಳೆಯಾಚೆಯವರನ್ನು ಕರೆದರೆ ಸಿಂಹಾಸನವನ್ನು ಕಂಡು ಕುರ್ಚಿ ಎಂದಾರೆಂದು ಸಮಿತಿ ಆಮಂತ್ರಣವನ್ನೇ ಕಳಿಸಿರಲಿಲ್ಲ. ಸಮಿತಿ ಮೂರು ಸಲ ಸಭೆ ಸೇರಿ ಹಾರದ ಉದ್ದವನ್ನೂ ಚರ್ಚಿಸಿತ್ತು, ಆ ಗ್ಯಾಲರಿ ಖಾಲಿಯಾದರೆ ಏನಾಗುತ್ತದೆ ಎನ್ನುವುದು ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ.

ಭಾಷಣಗಳು ಮುಗಿದವು. ಟೈಲರ್ ಚೆಂಡು ಇಟ್ಟ. ಅಧ್ಯಕ್ಷರು ಮಾತು ಉಳಿಸಿಕೊಂಡರು ಎನ್ನಬೇಕು. ಸನ್ಮಾನಿತರ ಕೋರಿಕೆಯ ಮೇರೆಗೆ ಇವತ್ತು ಬೇಕಾದವರು ನೋಡಬಹುದು ಎಂದು ಮೈಕಿನಲ್ಲಿ ಸಾರಿದರು. ಗ್ಯಾಲರಿಯಲ್ಲಿ ಒಂದು ಗಳಿಗೆ ಗೊಂದಲವಾಯಿತು. ನೋಡಲು ಬಹಳ ಜನಕ್ಕೆ ಆಸೆಯಿತ್ತು. ಆದರೆ ಮೊದಲು ನೋಡುವವನು ಯಾರು? ಊರಿನ ಎದುರು ನನಗೆ ನಂಬಿಕೆ ಕಡಿಮೆ ಎಂದು ತೋರಿಸಿಕೊಳ್ಳುವವನು ಯಾರು? ಒಬ್ಬ ತಿರುಗಿದ, ಪಕ್ಕದವನು ಅವನಿಗಿಂತ ಜೋರಾಗಿ ತಿರುಗಿದ. ಅಧ್ಯಕ್ಷರು ತಿರುಗಿದರು. ಸೀಟಿ ಊದಬೇಕಾದ ಮೇಷ್ಟ್ರು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ತಿರುಗಿ, ಹಿಂದಿನ ಗೋಡೆಗೆ ಊದಿದರು.

ಟೈಲರ್ ತಲೆಯೆತ್ತಿ ನೋಡಿದ. ಇಷ್ಟು ಕೇಳಿಕೊಂಡ ಮೇಲೂ! ಸಾಲುಸಾಲು ಬೆನ್ನುಗಳು. ಒಂದೊಂದೂ ಅವನಿಗೆ ಗೊತ್ತು. ಆ ಬಲಭುಜ ಇಳಿದದ್ದು ಅಂಚೆಯವನದು, ಆ ಗೂನು ಔಷಧಿ ಅಂಗಡಿಯವನದು, ಈ ಅಗಲ ಅಧ್ಯಕ್ಷರದು, ಅದಕ್ಕೆ ಯಾವಾಗಲೂ ಕಾಲು ಗಜ ಬಟ್ಟೆ ಹೆಚ್ಚು. ಚೆಂಡನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿಬಿಡೋಣ ಎಂದುಕೊಂಡ. ಒಂದು ಹೆಜ್ಜೆ ಇಟ್ಟೂ ಇಟ್ಟ. ಆಗ ಮೊದಲ ಸಾಲಿನ ತುದಿಯಲ್ಲಿ, ಅಷ್ಟು ಬೆನ್ನುಗಳ ನಡುವೆ, ಒಂದು ಮುಖ ಕಂಡಿತು.

ಬರುವುದೇ ಇಲ್ಲ ಎಂದಿದ್ದ ಹೆಂಡತಿ ಬಂದಿದ್ದಳು. ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮುಖ ಹೆದರಿ ಬಿಳುಚಿಕೊಂಡಿತ್ತು, ಆದರೆ ಕಣ್ಣು ತೆರೆದಿತ್ತು. ಟೈಲರ್ ವಾಪಸು ಬಂದ, ನಾಲ್ಕು ಹೆಜ್ಜೆ ಓಡಿದ, ಒದ್ದ. ಬಸ್ ಡ್ರೈವರ್ ಹೇಳಿಕೊಟ್ಟದ್ದಕ್ಕಿಂತ ಮೊದಲೇ ಎಡಕ್ಕೆ ಬಿದ್ದು ಹುಲ್ಲಿನಲ್ಲಿ ಮುಖ ಹುದುಗಿಸಿದ್ದ. ಇಡೀ ಬಲೆ ಖಾಲಿಯಾಗಿತ್ತು. ಚೆಂಡು ಬಲಕ್ಕೇ ಹೋಯಿತು. ಸ್ವಲ್ಪ ಹೆಚ್ಚೇ ಬಲಕ್ಕೆ ಹೋಗಿ, ಕಂಬದ ಹೊರಗಿನಿಂದ ಹಾದು, ಸುಣ್ಣದ ಗೆರೆ ದಾಟಿ ಬೇಲಿಯ ಬಳಿ ನಿಂತಿತು.

ಮೈದಾನ ನಿಶ್ಶಬ್ದವಾಯಿತು. ಊರು ಕಿವಿಗೊಟ್ಟು ಕಾಯುತ್ತಿತ್ತು. ನರಳುವುದಕ್ಕೂ ಕೇಕೆ ಹಾಕುವುದಕ್ಕೂ ಎದುರಿನ ಗ್ಯಾಲರಿಯಲ್ಲಿ ಯಾರೂ ಇಲ್ಲ ಎನ್ನುವುದು ಆಗ ಒಬ್ಬೊಬ್ಬರಿಗೇ ಹೊಳೆಯತೊಡಗಿತು. ಯಾರೋ ಕೆಮ್ಮಿದರು. ಒದ್ದರೋ ಇಲ್ಲವೋ ಎಂದು ಇನ್ಯಾರೋ ಪಿಸುಗುಟ್ಟಿದರು. ತಿರುಗಿ ನೋಡಿದರೆ ಪದ್ಧತಿ ಮುರಿಯುತ್ತದೆ, ನೋಡದಿದ್ದರೆ ಸಂಜೆಯವರೆಗೆ ಹೀಗೇ ನಿಲ್ಲಬೇಕು. ಸಾವಿರಾರು ಜನ ಗೋಡೆ ನೋಡುತ್ತ ಬೆವರಿದರು.

ಕೊನೆಗೆ ಅವಳ ಪಕ್ಕದಲ್ಲಿದ್ದ ಅಂಚೆಯವನು ಕತ್ತು ತಿರುಗಿಸದೆ, ಏನಾಯಿತಮ್ಮ ಎಂದು ಮೆಲ್ಲಗೆ ಕೇಳಿದ. ಅವಳು ಗೋಲು ಎಂದಿದ್ದರೆ ಅಲ್ಲಿಗೆ ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು. ಟೈಲರ್ ದೂರದಿಂದಲೇ ಅವಳ ತುಟಿ ನೋಡುತ್ತಿದ್ದ. ಸುಳ್ಳು ಹೇಳಬೇಡ ಎಂದು ಅವನ ಜೀವವೆಲ್ಲ ಬೇಡಿಕೊಂಡಿತು. ಸುಳ್ಳು ಹೇಳಿದರೆ ಅವಳೂ ನೋಡದ ಹಾಗೇ ಆಗುತ್ತಿತ್ತು.

"ಹೋಗ್ಲಿಲ್ಲ," ಎಂದು ಅವಳು ಗಟ್ಟಿಯಾಗಿ ಹೇಳಿದಳು. "ಹೊರಗೆ ಹೋಯ್ತು."

ಅಧ್ಯಕ್ಷರಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಅವರು ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಗೋಡೆಯನ್ನೇ ನೋಡುತ್ತ, ಗೋಲು ಎಂದು ಕೂಗಿದರು. ಊರು ಒಂದೇ ಉಸಿರಿಗೆ ಆರ್ಭಟಿಸಿತು. ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಮೇಷ್ಟ್ರು ಪುಸ್ತಕದ ಕೊನೆಯ ಪುಟ ತೆರೆದು, ಬರೆದ ಹಾಗೇ ನಡೆಯಿತಲ್ಲ ಎಂದು ಕಣ್ಣೊರೆಸಿಕೊಂಡರು. ಬೇಲಿಯ ಬಳಿ ಬಿದ್ದಿದ್ದ ಚೆಂಡನ್ನು ಯಾರೋ ಓಡಿಹೋಗಿ ತಂದು, ನೆನಪಿಗಿರಲಿ ಎಂದು ಬಲೆಯೊಳಗೆ ಇಟ್ಟು ಫೋಟೋ ತೆಗೆಸಿಕೊಂಡರು. ಹೆಂಡತಿಯ ಬಗ್ಗೆಯೂ ಜನ ಕೆಡುಕು ಆಡಲಿಲ್ಲ. ಪಾಪ, ವಯಸ್ಸಾಯಿತು, ಕಣ್ಣಿಗೆ ಪೊರೆ ಬಂದಿರಬೇಕು, ಡಾಕ್ಟರಿಗೆ ತೋರಿಸಿ ಎಂದು ನಾಲ್ಕೈದು ಮಂದಿ ಟೈಲರ್‌ನ ಕಿವಿಯಲ್ಲಿ ಹೇಳಿದರು.

ಹಾರ, ಶಾಲು, ಪುಸ್ತಕ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಇಬ್ಬರೂ ಮನೆಯ ಕಡೆ ಹೊರಟರು. ಅವಳ ಮಂಡಿನೋವಿಗೂ ಅವನ ಎಡಗಾಲಿಗೂ ಹೊಂದುವಷ್ಟು ನಿಧಾನವಾಗಿ ನಡೆದರು. ಕಾರ್ಖಾನೆಯ ಗೋಡೆ ದಾಟಿದರು.

"ಎಷ್ಟು ಹೊರಗೆ ಹೋಯ್ತು?" ಎಂದು ಅವನು ಕೇಳಿದ.

"ಒಂದು ಮೊಳ."

"ನನಗೆ ಗೇಣು ಅನ್ನಿಸ್ತು."

"ಮೊಳ," ಅಂದಳು ಅವಳು. "ನಾನು ನೋಡಿದೀನಲ್ಲ."

ಐವತ್ತು ವರ್ಷ ಅಳತೆಯಲ್ಲಿ ಯಾರಿಗೂ ಸೋಲದ ಟೈಲರ್ ಅಂದು ಎದುರು ಮಾತಾಡಲಿಲ್ಲ. ಅವಳ ಕೈಯಿಂದ ಚೀಲ ಇಸಕೊಂಡು, ಮೊಳವೇ ಇರಬೇಕು ಎಂದು ಒಪ್ಪಿಕೊಂಡ.